ಜಮಖಂಡಿಯ ಮೋಡ, ಸೂರ್ಯನ ಜ್ವಾಲೆ

ನಮ್ಮ ಮಡಿಕೇರಿಯಲ್ಲಿ ಆಗಸ್ಟ್ ಅಂದ್ರೆ ಸೂರ್ಯನಿಗೆ ರಜೆ. ಹಾಗಾಗಿ ಜಾನ್ ಹರ್ಷೆಲ್ ಕಥೆ ಓದಿ ಪಾಪ ಅನ್ನಿಸ್ತು (ಯುರೇನಸ್ ಕಂಡುಹಿಡಿದ ಹರ್ಷೆಲ್‌ನ ಮೊಮ್ಮಗ ಈತ). 1868ರ ಆಗಸ್ಟ್ 18ರ ಪೂರ್ಣಗ್ರಹಣಕ್ಕೆ ಜಮಖಂಡಿಯಲ್ಲಿ ರೋಹಿತದರ್ಶಕ ಇಟ್ಟುಕೊಂಡು ಕಾದಿದ್ದ. ಸಿಕ್ಕಿದ್ದು ಸುಮಾರು ಐದು ನಿಮಿಷ, ಅದರಲ್ಲೂ ಮೋಡದ ಕಾಟ! ಮೋಡ ಸರಿದಾಗ ಸೂರ್ಯನಂಚಿನ ಜ್ವಾಲೆಯ ಬೆಳಕಿನಲ್ಲಿ ಕೆಂಪು, ಕಿತ್ತಳೆ, ನೀಲಿ ಮೂರು ಗೆರೆ ಹೊಳೆದವು. ಅಂದರೆ ಜ್ವಾಲೆ ಕಾದ ಅನಿಲ. ಕಿತ್ತಳೆ ಗೆರೆ ಸೋಡಿಯಂನದು ಅಂದುಕೊಂಡ, ಅದು ಹೀಲಿಯಂ!

ಇಂಥ ಗೆರೆಗಳ ಅಗಲವೇ ಮುಂದೆ ಥರ್ಮಾಮೀಟರ್ ಆಯ್ತು. ಬಿಸಿ ಹೆಚ್ಚಿದಷ್ಟೂ ಗೆರೆ ಅಗಲ. ಆದರೆ ಅನಿಲದ ಸುಳಿಗಳೂ ಅಗಲಿಸುತ್ತವಲ್ಲ? ಹಗುರ ಹೈಡ್ರೋಜನ್, ಭಾರದ ಕ್ಯಾಲ್ಸಿಯಂ ಎರಡನ್ನೂ ಅಳೆದರಾಯ್ತು: ಎರಡು ಸಮೀಕರಣ, ಎರಡು ಅಜ್ಞಾತ. ರೇಡಿಯೋ ಪ್ರಖರತೆ ಜತೆ ತಾಳೆ ನೋಡುವುದೂ ಉಂಟು. ಉತ್ತರ ಸುಮಾರು 7-8 ಸಾವಿರ ಕೆಲ್ವಿನ್. ಸುತ್ತಲಿನ ಕರೋನಾ ಮಾತ್ರ ಹತ್ತು ಲಕ್ಷ ದಾಟಿ ಕುದಿಯುತ್ತಿರುತ್ತದೆ.