ಲೆಸ್ಟರ್‌ಗೆ ಬರಬೇಡಿ: 1972ರ ಒಂದು ಜಾಹೀರಾತಿನ ಕಥೆ



ಇವತ್ತು ಒಂದು ಪತ್ರಿಕಾ ಜಾಹೀರಾತಿನಿಂದ ಶುರು ಮಾಡ್ತೀನಿ. 1972ರ ಸೆಪ್ಟೆಂಬರ್ ತಿಂಗಳು. ಉಗಾಂಡಾದ 'ಉಗಾಂಡಾ ಆರ್ಗಸ್' ಪತ್ರಿಕೆಯಲ್ಲಿ ಒಂದು ಪ್ರಕಟಣೆ ಬಂತು. ದುಡ್ಡು ಕೊಟ್ಟು ಹಾಕಿಸಿದವರು ಸಾವಿರಾರು ಮೈಲಿ ದೂರದ ಇಂಗ್ಲೆಂಡಿನ ಲೆಸ್ಟರ್ ನಗರದ ಕೌನ್ಸಿಲ್‌ನವರು. ಅದರ ಸಾರಾಂಶ ಇಷ್ಟು: ನಮ್ಮೂರಲ್ಲಿ ಸರ್ಕಾರಿ ಮನೆಗಾಗಿ ಸಾವಿರಾರು ಕುಟುಂಬಗಳು ಕಾಯುತ್ತಿವೆ, ನೂರಾರು ಮಕ್ಕಳಿಗೆ ಶಾಲೆಯಲ್ಲಿ ಜಾಗ ಸಿಕ್ಕಿಲ್ಲ, ಆರೋಗ್ಯ ಸೇವೆಯ ಮೇಲೆ ಈಗಲೇ ಹೊರೆ ಬಿದ್ದಿದೆ. ನಿಮ್ಮ ಹಿತಕ್ಕಾಗಿಯೇ ಹೇಳ್ತಿದ್ದೀವಿ, ದಯವಿಟ್ಟು ಲೆಸ್ಟರ್‌ಗೆ ಬರಬೇಡಿ.

ಈ ಜಾಹೀರಾತಿನ ಬಗ್ಗೆ ನನಗೆ ಮೊದಲು ಹೇಳಿದ್ದು ಯಾವ ಪುಸ್ತಕವೂ ಅಲ್ಲ, ನಮ್ಮ ಮನೆ ಮಾಲೀಕರು. 2015ರಲ್ಲಿ ನಾನು ಲೆಸ್ಟರ್‌ನಲ್ಲಿ ಓದುತ್ತಿದ್ದೆ. ಒಬ್ಬ ಗುಜರಾತಿ ಅಜ್ಜಿಯ ಮನೆಯ ಮಹಡಿ ಕೋಣೆ ಬಾಡಿಗೆಗೆ ಹಿಡಿದಿದ್ದೆ. ಎಲ್ಲರ ಹಾಗೆ ನಾನೂ ಅವರನ್ನು 'ಮಾಸಿ' ಅಂತಲೇ ಕರೀತಿದ್ದೆ. ಆ ಸೆಪ್ಟೆಂಬರ್‌ನಲ್ಲಿ ಟಿ.ವಿ. ಹಾಕಿದರೆ ಸಿರಿಯಾದ ಜನವೇ. ಟರ್ಕಿಯ ಕಡಲತೀರದಲ್ಲಿ ಮುಖ ಅಡಿಯಾಗಿ ಮಲಗಿದ್ದ ಆ ಪುಟ್ಟ ಹುಡುಗನ ಚಿತ್ರ ನಿಮಗೂ ನೆನಪಿರಬಹುದು. ಒಂದು ಸಂಜೆ ಚಹಾ ಕುಡಿಯುತ್ತಾ ನಾನು ದೊಡ್ಡ ತಿಳಿವಳಿಕಸ್ಥನ ಹಾಗೆ ಹೇಳಿದೆ: "ಪಾಪ ಅನ್ನಿಸುತ್ತೆ ಮಾಸಿ. ಆದರೆ ಇಷ್ಟು ಜನ ಬಂದರೆ ಯಾವ ದೇಶ ತಡೆದುಕೊಳ್ಳುತ್ತೆ? ನಿಮ್ಮ ವಿಷಯ ಬೇರೆ. ನೀವು ದುಡಿದು ಮೇಲೆ ಬಂದವರು."

ಮಾಸಿ ಟಿ.ವಿ. ಸದ್ದು ಕಡಿಮೆ ಮಾಡಿದರು. "ನಾವು ದುಡಿಯೋರು ಅಂತ ಅವತ್ತು ಯಾರಿಗೆ ಗೊತ್ತಿತ್ತು ಬೇಟಾ?" ಅಂದರು. ಆಮೇಲೆ ಈ ಜಾಹೀರಾತಿನ ಕಥೆ ಹೇಳಿದರು. ಹೊಗಳಿಕೆ ಅಂತ ನಾನು ಆಡಿದ ಮಾತು ಅವರಿಗೆ ಯಾಕೆ ಹಿಡಿಸಲಿಲ್ಲ ಅಂತ ಅರ್ಥವಾಗಲು ನನಗೆ ಬಹಳ ಕಾಲ ಬೇಕಾಯಿತು. ಇವತ್ತಿನ ಸಂಚಿಕೆ ಅದರ ಬಗ್ಗೆಯೇ.

ಸ್ವಲ್ಪ ಹಿಂದಕ್ಕೆ ಹೋಗೋಣ. 1896ರಿಂದ 1901ರವರೆಗೆ ಬ್ರಿಟಿಷರು ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲು ಹಳಿ ಹಾಕಿದರು. ಅದಕ್ಕೆ ಭಾರತದಿಂದ 30,000ಕ್ಕೂ ಹೆಚ್ಚು ಕೂಲಿಗಳನ್ನು ಕರೆದೊಯ್ದರು. ಸುಮಾರು 2,500 ಜನ ಅಲ್ಲೇ ಸತ್ತರು. ಉಳಿದವರಲ್ಲಿ ಬಹುಪಾಲು ಮಂದಿ ಊರಿಗೆ ವಾಪಸಾದರು. ಆ ಹಳಿಯ ಜಾಡು ಹಿಡಿದು ಗುಜರಾತಿನ ವ್ಯಾಪಾರಿಗಳು, ಗುಮಾಸ್ತರು, ಮೇಷ್ಟ್ರುಗಳು ಹೋಗಿ ನೆಲೆಸಿದರು. ವಸಾಹತಿನ ಏಣಿಯಲ್ಲಿ ಮೇಲೆ ಬಿಳಿಯರು, ನಡುವೆ ಏಷ್ಯನ್ನರು, ಕೆಳಗೆ ಆಫ್ರಿಕನ್ನರು. ಆಫ್ರಿಕನ್ ರೈತನಿಗೆ ದಿನಾ ಎದುರಾಗುತ್ತಿದ್ದದ್ದು ಲಂಡನ್ನಿನ ಮಂತ್ರಿಯ ಮುಖವಲ್ಲ, ಅಂಗಡಿಯ ಗಲ್ಲಾಪೆಟ್ಟಿಗೆ ಹಿಂದೆ ಕೂತ ಪಟೇಲರ ಮುಖ. ಸಿಟ್ಟು ಅಲ್ಲಿ ಬೆಳೆಯುತ್ತಾ ಹೋಯಿತು.

1962ರಲ್ಲಿ ಉಗಾಂಡಾ ಸ್ವತಂತ್ರವಾಯಿತು. ಅನೇಕ ಏಷ್ಯನ್ನರು ಬ್ರಿಟಿಷ್ ಪಾಸ್‌ಪೋರ್ಟ್ ಇಟ್ಟುಕೊಂಡರು. 1971ರಲ್ಲಿ ಇದಿ ಅಮೀನ್ ಅಧಿಕಾರ ಹಿಡಿದ. 1972ರ ಆಗಸ್ಟ್ 4ರಂದು, ಏಷ್ಯನ್ನರು 90 ದಿನದೊಳಗೆ ದೇಶ ಬಿಡಬೇಕು ಅಂತ ಘೋಷಿಸಿದ. ಕನಸಿನಲ್ಲಿ ತನಗೆ ಹಾಗೆ ಅಪ್ಪಣೆಯಾಯಿತು ಅಂತಲೂ ಹೇಳಿಕೊಂಡ. ಮನೆ, ಅಂಗಡಿ, ಕಾರ್ಖಾನೆ ಎಲ್ಲ ಬಿಟ್ಟು, ಒಂದು ಕುಟುಂಬಕ್ಕೆ 50 ಪೌಂಡ್ ಆಸುಪಾಸಿನ ನಗದು ಹಿಡಿದು ಹೊರಡಬೇಕು.

ಈಗ ಬ್ರಿಟನ್ನಿಗೆ ಬರೋಣ. ಇಲ್ಲಿ ಒಂದು ಹೋಲಿಕೆ ಮಾಡದೆ ಮುಂದೆ ಹೋಗುವಂತಿಲ್ಲ.

1956ರಲ್ಲಿ ಹಂಗೆರಿಯ ದಂಗೆಯನ್ನು ಸೋವಿಯತ್ ಟ್ಯಾಂಕುಗಳು ತುಳಿದು ಹಾಕಿದಾಗ ಸುಮಾರು 2,00,000 ಹಂಗೆರಿಯನ್ನರು ದೇಶ ಬಿಟ್ಟರು. ಬ್ರಿಟನ್ ಅವರಲ್ಲಿ 20,000ಕ್ಕೂ ಹೆಚ್ಚು ಜನರನ್ನು ಕರೆಸಿಕೊಂಡಿತು. ಲಂಡನ್ನಿನ ಲಾರ್ಡ್ ಮೇಯರ್ ನಿಧಿ ಸಂಗ್ರಹಿಸಿದರು, ಜನ ಬಟ್ಟೆಬರೆ ಕೊಟ್ಟರು. ಬಂದವರು ಕಮ್ಯುನಿಸಂ ವಿರುದ್ಧ ನಿಂತ ವೀರರು ಅಂತಲೇ ಮಾತು. ಹದಿನಾರು ವರ್ಷ ಕಳೆಯಿತು. ಉಗಾಂಡಾದಿಂದ ಬ್ರಿಟನ್ನಿಗೆ ಬಂದವರು ಕೊನೆಗೆ ಸುಮಾರು 28,000. ಅಂದರೆ ಲೆಕ್ಕದಲ್ಲಿ ಅಂಥಾ ಅಂತರವೇನಿಲ್ಲ. ಅದೂ ಅಲ್ಲದೆ ಹಂಗೆರಿಯವರ ಹತ್ತಿರ ಬ್ರಿಟಿಷ್ ಪಾಸ್‌ಪೋರ್ಟ್ ಇರಲಿಲ್ಲ, ಇವರ ಹತ್ತಿರ ಇತ್ತು.

ಆದರೂ ಮಾತು ಪೂರ್ತಿ ಬೇರೆ. ಹಂಗೆರಿಯವರು ಬಂದಾಗ 'ಎಷ್ಟು ಜನಕ್ಕೆ ಸಹಾಯ ಮಾಡೋಣ' ಅನ್ನೋದು ಪ್ರಶ್ನೆ. ಇವರ ವಿಷಯದಲ್ಲಿ 'ಎಷ್ಟು ಜನರನ್ನು ತಡೆಯೋಣ' ಅನ್ನೋದು. ಲಂಡನ್ನಿನ ಸ್ಮಿತ್‌ಫೀಲ್ಡ್ ಮಾಂಸದ ಮಾರುಕಟ್ಟೆಯ ಹಮಾಲಿಗಳು ಬೀದಿಗಿಳಿದು ಮೆರವಣಿಗೆ ಮಾಡಿದರು. ವಲಸೆಯ ವಿರುದ್ಧ 1968ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಭಾಷಣ ಮಾಡಿ ದೇಶವನ್ನೇ ಕದಡಿದ್ದ ಇನಾಕ್ ಪೊವೆಲ್, ಇವರನ್ನು ಒಳಗೆ ಬಿಟ್ಟುಕೊಳ್ಳುವ ಹೊಣೆ ಬ್ರಿಟನ್ನಿಗಿಲ್ಲ ಅಂತ ವಾದಿಸಿದರು.

ಹಾಗಾದರೆ ಇದು ಬರೀ ಚರ್ಮದ ಬಣ್ಣದ ಕಥೆಯಾ? ಬಣ್ಣ ಖಂಡಿತ ಇತ್ತು. ಆದರೆ ಅಷ್ಟೇ ಅಂದುಬಿಟ್ಟರೆ ಎರಡು ಸಂಗತಿ ಕೈತಪ್ಪುತ್ತವೆ.

ಒಂದು, ಹಂಗೆರಿಯವರ ಮೇಲಿನ ಪ್ರೀತಿಯೂ ಬಹಳ ದಿನ ಬಾಳಲಿಲ್ಲ. ಅವರಲ್ಲಿ ಅನೇಕರನ್ನು ಕಲ್ಲಿದ್ದಲು ಗಣಿಗಳಿಗೆ ಸೇರಿಸುವ ಯೋಜನೆಯಿತ್ತು. ಅಲ್ಲಿಯ ಕಾರ್ಮಿಕ ಸಂಘದ ಎಷ್ಟೋ ಸ್ಥಳೀಯ ಶಾಖೆಗಳು 'ನಮ್ಮ ಜೊತೆ ಇವರು ಬೇಡ' ಅಂದವು. ಬಿಳಿ ಚರ್ಮದ ವೀರರೂ ಕೆಲವೇ ತಿಂಗಳಲ್ಲಿ 'ನಮ್ಮ ಕೆಲಸ ಕಸಿಯುವವರು' ಆಗಿಬಿಟ್ಟರು.

ಎರಡು, ಇದು ಎಡ-ಬಲ ಪಕ್ಷಗಳ ಜಗಳವೂ ಆಗಿರಲಿಲ್ಲ. 1968ರಲ್ಲಿ ಕೀನ್ಯಾದ ಏಷ್ಯನ್ನರು ಬರಲು ಶುರು ಮಾಡಿದಾಗ, ಅಪ್ಪನೋ ಅಜ್ಜನೋ ಬ್ರಿಟನ್ನಿನಲ್ಲಿ ಹುಟ್ಟಿರದಿದ್ದರೆ ಬ್ರಿಟಿಷ್ ಪಾಸ್‌ಪೋರ್ಟ್ ಇದ್ದವರಿಗೂ ಮುಕ್ತ ಪ್ರವೇಶವಿಲ್ಲ ಅನ್ನುವ ಕಾನೂನನ್ನು ಮೂರೇ ದಿನದಲ್ಲಿ ಪಾಸು ಮಾಡಿದ್ದು ಕಾರ್ಮಿಕರ ಪಕ್ಷವಾದ ಲೇಬರ್. ಲೆಸ್ಟರ್‌ನ ಜಾಹೀರಾತು ಕೊಟ್ಟದ್ದೂ ಲೇಬರ್ ಹಿಡಿತದ ಕೌನ್ಸಿಲ್. 1972ರಲ್ಲಿ ಬಾಗಿಲು ತೆರೆದವರು ಕನ್ಸರ್ವೇಟಿವ್ ಪ್ರಧಾನಿ ಎಡ್ವರ್ಡ್ ಹೀತ್. ಅದೂ ಸ್ವಂತ ಪಕ್ಷದೊಳಗಿನ ವಿರೋಧದ ನಡುವೆ. ಈ ಜನ ನಮ್ಮ ಪಾಸ್‌ಪೋರ್ಟ್ ಹಿಡಿದವರು, ಬೇರೆ ಯಾರೂ ಸೇರಿಸದಿದ್ದರೆ ನಾವು ಸೇರಿಸಲೇಬೇಕು, ಇದು ಕಾನೂನಿನ ಹೊಣೆ ಅನ್ನುವುದು ಅವರ ಸರ್ಕಾರದ ನಿಲುವು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಸೆಪ್ಟೆಂಬರ್ 18ರಂದು ಮೊದಲ ವಿಮಾನ ಸ್ಟಾನ್‌ಸ್ಟೆಡ್‌ನಲ್ಲಿ ಇಳಿಯಿತು. ಖಾಲಿ ಬಿದ್ದಿದ್ದ ಸೇನಾ ನೆಲೆಗಳನ್ನು ಶಿಬಿರ ಮಾಡಿದ್ದರು. ಒಟ್ಟು ಹದಿನಾರು ಶಿಬಿರ. ಒಂದು ಸಫಕ್‌ನ ಸ್ಟ್ರಾಡಿಷಲ್‌ನಲ್ಲಿ, ಇನ್ನೊಂದು ವೇಲ್ಸ್‌ನ ಸಮುದ್ರದಂಚಿನ ಟೊನ್‌ಫನೌನಲ್ಲಿ, ಹೀಗೆ. ಭೂಮಧ್ಯರೇಖೆಯ ಬಿಸಿಲಿನಲ್ಲಿ ಬೆಳೆದವರು ತೆಳು ಸೀರೆಯಲ್ಲಿ ಬಂದು ಇಳಿದರೆ ಎದುರಿಗೆ ಕಡಲ ಗಾಳಿ. ಅಲ್ಲಿ ಕೋಟು, ಕಂಬಳಿ, ಚಹಾ ಹಿಡಿದು ನಿಂತಿದ್ದವರು ಬ್ರಿಟಿಷ್ ಹೆಂಗಸರೇ, ಸಂಬಳವಿಲ್ಲದ ಸ್ವಯಂಸೇವಕಿಯರು. ತಮ್ಮ ಮನೆಯಲ್ಲಿ ಕೋಣೆ ಕೊಡ್ತೀವಿ ಅಂತ ಮುಂದೆ ಬಂದ ಕುಟುಂಬಗಳೂ ಇದ್ದವು. ಹಾಗಾಗಿ 'ಜನಾಭಿಪ್ರಾಯ' ಅಂತ ಒಂದೇ ಮಾತಿನಲ್ಲಿ ಹೇಳುವಾಗ ನನಗೆ ಅಳುಕು. ಮೆರವಣಿಗೆ ಮಾಡಿದವರೂ ಬ್ರಿಟಿಷ್ ಜನತೆಯೇ, ಕೋಟು ತಂದವರೂ ಬ್ರಿಟಿಷ್ ಜನತೆಯೇ. ಮೆರವಣಿಗೆಯ ಸದ್ದು ಜಾಸ್ತಿ ಇತ್ತು, ಅಷ್ಟೇ.

ಮಾಸಿಯ ಪಾಲಿಗೆ ಆ ಚಳಿಗಾಲದ ನೆನಪು ಕೋಟಿನದ್ದೂ ಅಲ್ಲ, ಮೆರವಣಿಗೆಯದ್ದೂ ಅಲ್ಲ. ಅವರ ಪಾಸ್‌ಪೋರ್ಟ್ ಬ್ರಿಟಿಷ್, ಗಂಡನದ್ದು ಉಗಾಂಡಾದ್ದು. ಅಮೀನ್ ಸರ್ಕಾರ ಅದನ್ನು ರದ್ದು ಮಾಡಿತು. ಅಂಥ ದೇಶವಿಲ್ಲದವರನ್ನು ವಿಶ್ವಸಂಸ್ಥೆ ಆಸ್ಟ್ರಿಯಾ, ಇಟಲಿ, ಮಾಲ್ಟಾ ಮುಂತಾದ ಕಡೆ ತಂಗುದಾಣಗಳಿಗೆ ಕಳಿಸಿತು. ಹೆಂಡತಿ ಇಬ್ಬರು ಮಕ್ಕಳ ಜೊತೆ ಇಂಗ್ಲೆಂಡಿನ ಶಿಬಿರದಲ್ಲಿ, ಗಂಡ ಆಸ್ಟ್ರಿಯಾದಲ್ಲಿ. ಇಂಥ ಕುಟುಂಬಗಳು ಎಷ್ಟೋ ಇದ್ದವು. ಯಜಮಾನರು ಬಂದು ಸೇರುವ ಹೊತ್ತಿಗೆ ಚಿಕ್ಕ ಮಗ ಅಪ್ಪನ ಗುರುತು ಹಿಡಿಯಲಿಲ್ಲವಂತೆ.

ಸರ್ಕಾರ ಊರುಗಳನ್ನು 'ಕೆಂಪು' ಮತ್ತು 'ಹಸಿರು' ಅಂತ ವಿಂಗಡಿಸಿತ್ತು. ಕೆಂಪು ಊರಿಗೆ ಹೋಗಬೇಡಿ, ಅಲ್ಲಿ ತುಂಬಿದೆ. ಲೆಸ್ಟರ್ ಕೆಂಪು. ಆದರೂ ಹಲವು ಸಾವಿರ ಜನ ಅಲ್ಲಿಗೇ ಹೋದರು. ನೆಂಟರಿದ್ದರು, ಕಾಲುಚೀಲ-ಬನಿಯನ್ ಹೆಣೆಯುವ ಕಾರ್ಖಾನೆಗಳಿದ್ದವು. ಜಾಹೀರಾತು ನೋಡಿದ ಮೇಲೇ ಲೆಸ್ಟರ್ ಅನ್ನೋ ಊರಿದೆ ಅಂತ ಗೊತ್ತಾಯಿತು ಅಂತ ನಗುವವರು ಇವತ್ತಿಗೂ ಅಲ್ಲಿ ಸಿಗ್ತಾರೆ.

ಹೋದ ಮೇಲೆ ಏನಾಯಿತು? 1974ರಲ್ಲಿ ಲೆಸ್ಟರ್‌ನ ಇಂಪೀರಿಯಲ್ ಟೈಪ್‌ರೈಟರ್ ಕಾರ್ಖಾನೆಯ ಏಷ್ಯನ್ ಕಾರ್ಮಿಕರು ಬೋನಸ್ ಲೆಕ್ಕದಲ್ಲಿ ತಮಗೆ ಮೋಸವಾಗ್ತಿದೆ ಅಂತ ಮುಷ್ಕರ ಹೂಡಿದರು. ಅವರ ಕಾರ್ಮಿಕ ಸಂಘವೇ ಬೆಂಬಲಕ್ಕೆ ನಿಲ್ಲಲಿಲ್ಲ. 1976ರ ಸ್ಥಳೀಯ ಚುನಾವಣೆಯಲ್ಲಿ, ವಲಸಿಗರನ್ನು ವಾಪಸ್ ಕಳಿಸಿ ಅನ್ನುತ್ತಿದ್ದ ನ್ಯಾಷನಲ್ ಫ್ರಂಟ್ ಅದೇ ಊರಲ್ಲಿ ಶೇ 18ರಷ್ಟು ಮತ ಪಡೆಯಿತು. ಬಂದು ನಾಲ್ಕು ವರ್ಷವಾಗಿತ್ತು, ಅಷ್ಟರಲ್ಲಿ ಯಾರೂ ಇವರನ್ನು 'ಯಶಸ್ವಿ ಸಮುದಾಯ' ಅಂತ ಕರೆದಿರಲಿಲ್ಲ.

ಆ ಬಿರುದು ಸಿಕ್ಕಿದ್ದು ದಶಕಗಳ ನಂತರ. ಬೆಲ್‌ಗ್ರೇವ್ ರಸ್ತೆ 'ಗೋಲ್ಡನ್ ಮೈಲ್' ಆಯಿತು, ಅಲ್ಲಿಯ ದೀಪಾವಳಿ ಭಾರತದ ಹೊರಗಿನ ಅತಿ ದೊಡ್ಡ ದೀಪಾವಳಿಗಳಲ್ಲಿ ಒಂದಾಯಿತು. 2021ರ ಜನಗಣತಿಯ ಹೊತ್ತಿಗೆ ನಗರದ ಶೇ 43ರಷ್ಟು ಜನ ಏಷ್ಯನ್ ಮೂಲದವರು. ಹಿಂದೆ ಬೇಡ ಅಂದಿದ್ದ ಊರೇ ಈಗ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೆ.

ಒಳ್ಳೆಯದೇ, ಅಲ್ವಾ? ಹೌದು. ಆದರೆ ಈ ಹೆಮ್ಮೆಯೊಳಗೆ ಒಂದು ಮುಳ್ಳಿದೆ. 'ಉಗಾಂಡಾದವರು ನೋಡಿ, ಹೇಗೆ ದುಡಿದರು' ಅನ್ನೋ ಮಾತು ಬಹಳ ಸಲ ಅಲ್ಲಿಗೆ ನಿಲ್ಲೋದಿಲ್ಲ. 'ಈಗ ಬರುವವರು ಹಾಗಲ್ಲ' ಅನ್ನೋದು ಅದರ ಬಾಲ. ನಾನು ಮಾಸಿಗೆ ಹೇಳಿದ್ದೂ ಅದನ್ನೇ.

2022ರ ವಸಂತ ನೋಡಿ. ಮಾರ್ಚ್‌ನಲ್ಲಿ ಬ್ರಿಟನ್ ಸರ್ಕಾರ, ಉಕ್ರೇನಿನವರನ್ನು ಮನೆಯಲ್ಲಿ ಇಟ್ಟುಕೊಳ್ಳುವವರಿಗೆ ತಿಂಗಳಿಗೆ 350 ಪೌಂಡ್ ಕೊಡುವ ಯೋಜನೆ ತಂದಿತು. ಜನ ಮುಗಿಬಿದ್ದು ಹೆಸರು ಕೊಟ್ಟರು. ಏಪ್ರಿಲ್ 14ರಂದು ಅದೇ ಸರ್ಕಾರ, ಸಣ್ಣ ದೋಣಿಗಳಲ್ಲಿ ಬಂದು ಆಶ್ರಯ ಕೇಳುವವರನ್ನು ರುವಾಂಡಾಕ್ಕೆ ಸಾಗಿಸುವ ಒಪ್ಪಂದ ಮಾಡಿಕೊಂಡಿತು. ರುವಾಂಡಾ ಅಂದರೆ ಉಗಾಂಡಾದ ಪಕ್ಕದ ದೇಶ. ಒಪ್ಪಂದ ಮಾಡಿಕೊಂಡ ಗೃಹಮಂತ್ರಿ ಪ್ರೀತಿ ಪಟೇಲ್ ಅವರ ತಂದೆ-ತಾಯಿ ಉಗಾಂಡಾದಿಂದ ಬಂದ ಗುಜರಾತಿಗಳು. ಅವರು ಅಮೀನ್ ಆದೇಶಕ್ಕೂ ಮೊದಲೇ, 1960ರ ದಶಕದಲ್ಲಿ ಬಂದವರು ಅನ್ನೋದನ್ನೂ ಹೇಳಬೇಕು. ನಿಯಮದ ದಾರಿಯಲ್ಲಿ ಬನ್ನಿ, ಕಳ್ಳಸಾಗಣೆದಾರರ ದೋಣಿ ಹತ್ತಬೇಡಿ ಅನ್ನುವುದು ಸರ್ಕಾರದ ವಾದ. ಆದರೆ ಉಕ್ರೇನಿನವರಿಗೆ ಸಿಕ್ಕಂಥ ಆ ದಾರಿ ಮುಕ್ಕಾಲು ಪಾಲು ಜನರಿಗೆ ಇರಲೇ ಇಲ್ಲ. 2023ರ ನವೆಂಬರ್‌ನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಆ ಯೋಜನೆ ಕಾನೂನುಬಾಹಿರ ಅಂದಿತು. 2024ರಲ್ಲಿ ಬಂದ ಹೊಸ ಸರ್ಕಾರ ಅದನ್ನು ಕೈಬಿಟ್ಟಿತು.

ಮನೆ ಸಾಲದು, ಶಾಲೆ ಸಾಲದು ಅನ್ನೋ ಅಳಲು ಸುಳ್ಳಲ್ಲ. 1972ರ ಲೆಸ್ಟರ್‌ನಲ್ಲಿ ಮನೆಗಾಗಿ ಕಾಯುವ ಪಟ್ಟಿ ನಿಜವಾಗಿಯೂ ಉದ್ದವಿತ್ತು. ಕಾಯುತ್ತಿದ್ದವನಿಗೆ ಹೊಸಬನ ಮೇಲೆ ಸಿಟ್ಟು ಬಂದರೆ ಅವನನ್ನು ಕೆಟ್ಟವನು ಅಂತ ತಳ್ಳಿಹಾಕೋದು ಸುಲಭ. ಆದರೆ ಆ ಪಟ್ಟಿ ಉದ್ದವಾಗಿದ್ದು ಉಗಾಂಡಾದವರು ಬರುವ ಮೊದಲೇ ಅನ್ನೋದನ್ನು ಜಾಹೀರಾತೇ ಹೇಳುತ್ತೆ.

ಈಗ ಹೀತ್ ಸರ್ಕಾರದ ಆ ಮಾತಿಗೆ ವಾಪಸ್ ಬರ್ತೀನಿ. ಇವರು ಅಂಗಡಿ ತೆರೀತಾರೆ, ತೆರಿಗೆ ಕಟ್ತಾರೆ, ಮಕ್ಕಳು ಡಾಕ್ಟರ್ ಆಗ್ತಾರೆ ಅಂತ ಲೆಕ್ಕ ಹಾಕಿ 1972ರಲ್ಲಿ ಬಾಗಿಲು ತೆರೆದದ್ದಲ್ಲ. ಹೊಣೆ ಇತ್ತು, ಹೋಗಲು ಬೇರೆ ಜಾಗ ಇರಲಿಲ್ಲ, ಅದಕ್ಕೆ ತೆರೆದರು. ಗೆದ್ದರು ಅನ್ನೋ ಕಾರಣಕ್ಕೆ ಅವರಿಗೆ ಜಾಗ ಕೊಟ್ಟದ್ದು ಸರಿ ಅಂತ ನಾವು ಈಗ ಹೇಳಿದರೆ, ಸೋತವರಿಗೆ ಜಾಗ ಕೊಟ್ಟದ್ದು ತಪ್ಪು ಅಂತಲೂ ಹೇಳಿದ ಹಾಗಾಗುತ್ತೆ. ಮಾಸಿಯ ಯಜಮಾನರು ಕಂಪಾಲಾದಲ್ಲಿ ಎರಡು ಅಂಗಡಿ ಇಟ್ಟಿದ್ದವರು. ಲೆಸ್ಟರ್‌ನಲ್ಲಿ ಬನಿಯನ್ ಕಾರ್ಖಾನೆಯ ರಾತ್ರಿ ಪಾಳಿಯಲ್ಲೇ ಆಯಸ್ಸು ಕಳೆದರು, ಮತ್ತೆ ಅಂಗಡಿ ಇಡಲೇ ಇಲ್ಲ. 'ದುಡಿದು ಮೇಲೆ ಬಂದವರು' ಅನ್ನೋ ನನ್ನ ಹೊಗಳಿಕೆಯಲ್ಲಿ ಅವರಿಗೆ ಜಾಗವೇ ಇರಲಿಲ್ಲ.

ಕನ್ನಡದಲ್ಲಿ ಇಂಥವರಿಗೆ ನಾವು 'ನಿರಾಶ್ರಿತ' ಅಂತೀವಿ. ಆಸರೆ ಇಲ್ಲದವನು ಅಂತ ಅರ್ಥ. ಆ ಪದದಲ್ಲಿ ಅವನ ಡಿಗ್ರಿ ಇಲ್ಲ, ಬಣ್ಣ ಇಲ್ಲ, ಮುಂದೆ ಎಷ್ಟು ಸಂಪಾದಿಸ್ತಾನೆ ಅನ್ನೋ ಲೆಕ್ಕವೂ ಇಲ್ಲ. ಅವತ್ತು ಸಂಜೆ ಆ ಟಿ.ವಿ. ಮುಂದೆ ಕೂತು ಈ ಪದವನ್ನು ನಾನು ಒಂದು ಸಲ ಸರಿಯಾಗಿ ನೆನಪಿಸಿಕೊಂಡಿದ್ದರೆ ಸಾಕಿತ್ತು.