ಗೃಹ ಸಾಲಕ್ಕೆ ಸಿಬಿಲ್ ಅಡ್ಡ ಬಂತಾ? ಇನ್ನೊಂದು ಬ್ಯಾಂಕಿಗೆ ಅರ್ಜಿ ಹಾಕೋ ಮೊದಲು ಇದನ್ನ ಓದಿ

ದಾವಣಗೆರೆ: ಸೈಟು ಇದೆ, ಪ್ಲಾನ್ ಆಗಿದೆ, ಗುದ್ದಲಿ ಪೂಜೆಗೆ ಮನೆಯವರು ದಿನ ನೋಡ್ತಿದ್ದಾರೆ. ಅಷ್ಟರಲ್ಲಿ ಬ್ಯಾಂಕಿನವರು ಪ್ಯಾನ್ ನಂಬರ್ ಹಾಕಿ ನೋಡಿ ‘ಸಿಬಿಲ್ ಸರಿಯಿಲ್ಲ, ಸಾಲ ಆಗಲ್ಲ’ ಅಂದುಬಿಡ್ತಾರೆ. ಹೆಚ್ಚಿನವರು ಅಲ್ಲಿಂದ ಎದ್ದು ಸೀದಾ ಪಕ್ಕದ ಬ್ಯಾಂಕಿಗೆ ಹೋಗ್ತಾರೆ. ಅಲ್ಲೂ ಆಗದಿದ್ದರೆ ಮೊಬೈಲ್ ಆ್ಯಪ್‌ನಲ್ಲಿ ಟ್ರೈ ಮಾಡ್ತಾರೆ. ಇದರಿಂದ ಹಾನಿಯೇ ಜಾಸ್ತಿ. ನೀವು ಹಾಕಿದ ಪ್ರತಿ ಅರ್ಜಿಗೂ ಸಾಲ ಕೊಡುವವರು ನಿಮ್ಮ ರಿಪೋರ್ಟ್ ತೆಗೆಸುತ್ತಾರೆ, ಅದೂ ದಾಖಲಾಗುತ್ತೆ. ಒಂದೇ ತಿಂಗಳಲ್ಲಿ ನಾಲ್ಕೈದು ಕಡೆ ಕೇಳಿದ್ದು ಕಂಡರೆ ಸ್ಕೋರ್ ಇನ್ನಷ್ಟು ಇಳಿಯಬಹುದು.

ಮೊದಲು ಮಾಡಬೇಕಾದ್ದು, ನಿಮ್ಮ ರಿಪೋರ್ಟನ್ನ ನೀವೇ ತೆಗೆಸಿ ಓದೋದು. ನಾವೆಲ್ಲ ‘ಸಿಬಿಲ್’ ಅಂತ ಒಂದೇ ಹೆಸರು ಹೇಳ್ತೀವಿ. ಆದರೆ ದೇಶದಲ್ಲಿ ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಅಂತ ನಾಲ್ಕು ಕಂಪನಿಗಳಿವೆ. ಆರ್‌ಬಿಐ ನಿಯಮದಂತೆ ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನ ಉಚಿತವಾಗಿ ಕೊಡಬೇಕು. ಅವರ ಅಧಿಕೃತ ವೆಬ್‌ಸೈಟಿನಲ್ಲೇ ತೆಗೆಸಿ. ನಿಮ್ಮ ರಿಪೋರ್ಟ್ ನೀವೇ ನೋಡಿಕೊಂಡರೆ ಸ್ಕೋರ್ ಇಳಿಯಲ್ಲ, ಆ ಭಯ ಬೇಡ.

ಸ್ಕೋರ್ 300ರಿಂದ 900ರವರೆಗೆ ಇರುತ್ತೆ. ಇಷ್ಟೇ ಇರಬೇಕು ಅಂತ ಆರ್‌ಬಿಐ ಯಾವ ಗೆರೆಯನ್ನೂ ಹಾಕಿಲ್ಲ. ಅದು ಬ್ಯಾಂಕಿಗೆ ಬಿಟ್ಟದ್ದು. 750ರ ಮೇಲಿದ್ದರೆ ಸಾಮಾನ್ಯವಾಗಿ ಮಾತುಕತೆ ಸಲೀಸು. ಸ್ಕೋರ್ ಕಡಿಮೆ ಇದ್ದರೂ ಕೆಲವರು ಸಾಲ ಕೊಡ್ತಾರೆ, ಬಡ್ಡಿ ಜಾಸ್ತಿ ಹಾಕ್ತಾರೆ. ಲೆಕ್ಕ ನೋಡಿ: 25 ಲಕ್ಷ ರೂ. ಸಾಲ, 20 ವರ್ಷ. ಬಡ್ಡಿ ಶೇ 8.5 ಆದರೆ ಕಂತು ಸುಮಾರು 21,700 ರೂ. ಶೇ 9.5 ಆದರೆ ಸುಮಾರು 23,300 ರೂ. ಕೊನೆಯ ಕಂತು ಮುಗಿಯೋ ಹೊತ್ತಿಗೆ ವ್ಯತ್ಯಾಸ 3.8 ಲಕ್ಷ ದಾಟುತ್ತೆ. ಒಂದು ರೂಮು ಕಟ್ಟೋ ದುಡ್ಡು!

ತಪ್ಪು ಅವರದ್ದಾದರೆ

ಎಷ್ಟೋ ಸಲ ತಪ್ಪು ನಮ್ಮದಾಗಿರಲ್ಲ. ತೀರಿಸಿದ ಸಾಲ ಇನ್ನೂ ಬಾಕಿ ಅಂತಿರುತ್ತೆ, ಇಲ್ಲಾ ಹೆಸರು ಹೊಂದುವ ಬೇರೆ ಯಾರದೋ ಸಾಲ ನಮ್ಮ ಪ್ಯಾನ್‌ಗೆ ಅಂಟಿಕೊಂಡಿರುತ್ತೆ. ನಮ್ಮ ಕಡೆ ಇನ್ನೊಂದು ತಾಪತ್ರಯವಿದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ‘ಆ ಬ್ಯಾಂಕೇ ಇಲ್ಲ, ಯಾರನ್ನ ಕೇಳೋದು’ ಅಂತ ಸುಮ್ಮನೆ ಕೂರಬೇಡಿ. ಹಳೇ ಸಾಲದ ಬೇಬಾಕಿ ಪತ್ರವನ್ನ ಈಗಿನ ಬ್ಯಾಂಕೇ ಕೊಡಬೇಕು.

ತಪ್ಪು ಕಂಡರೆ ಕ್ರೆಡಿಟ್ ಕಂಪನಿಯ ವೆಬ್‌ಸೈಟಿನಲ್ಲೂ ಬ್ಯಾಂಕಿನಲ್ಲೂ ಲಿಖಿತ ದೂರು ಕೊಡಿ. ಇದಕ್ಕೆ ಪೈಸೆ ಖರ್ಚಿಲ್ಲ. 30 ದಿನದೊಳಗೆ ಇತ್ಯರ್ಥ ಆಗದಿದ್ದರೆ, ಆಮೇಲಿನ ಪ್ರತಿ ದಿನಕ್ಕೆ 100 ರೂ. ಪರಿಹಾರ ಕೊಡಬೇಕು ಅನ್ನೋ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ದೂರಿನ ನಂಬರ್, ತಾರೀಖು ಬರೆದಿಟ್ಟುಕೊಳ್ಳಿ. ಬಾಯಿಮಾತಲ್ಲಿ ಮ್ಯಾನೇಜರಿಗೆ ಹೇಳಿ ಬಂದರೆ ಲೆಕ್ಕಕ್ಕಿಲ್ಲ.

‘ಸೆಟಲ್’ ಅಂದರೆ ತೀರಿತು ಅಂತಲ್ಲ

ಹೆಚ್ಚು ಜನ ಮೋಸ ಹೋಗೋದು ಇಲ್ಲಿ. ಕ್ರೆಡಿಟ್ ಕಾರ್ಡಿನದೋ ಪರ್ಸನಲ್ ಲೋನಿನದೋ ಒಂದು ಲಕ್ಷ ಬಾಕಿ ಬಿದ್ದಿದೆ ಅಂದ್ಕೊಳ್ಳಿ. ವಸೂಲಿಯವನು ಫೋನ್ ಮಾಡಿ ‘ಸಾರ್, 40 ಸಾವಿರ ಕಟ್ಟಿ, ಕ್ಲೋಸ್ ಮಾಡ್ತೀವಿ’ ಅಂತಾನೆ. ಕಟ್ಟಿ ನಿರಾಳ ಆಗ್ತೀವಿ. ಆದರೆ ರಿಪೋರ್ಟಿನಲ್ಲಿ ಬೀಳೋದು ‘ಕ್ಲೋಸ್ಡ್’ ಅಂತಲ್ಲ, ‘ಸೆಟಲ್ಡ್’ ಅಂತ. ಪೂರ್ತಿ ಕಟ್ಟಲಿಲ್ಲ, ಬ್ಯಾಂಕ್ ಉಳಿದದ್ದನ್ನ ಬಿಟ್ಟುಕೊಟ್ಟಿತು ಅಂತ ಅದರರ್ಥ. ಗೃಹ ಸಾಲದವರು ಆ ಪದ ಕಂಡ ಕೂಡಲೇ ಫೈಲ್ ಬದಿಗಿಡ್ತಾರೆ. ಅವರ ಜಾಗದಲ್ಲಿ ನಿಂತು ನೋಡಿ: 60 ಸಾವಿರ ಬಿಟ್ಟವರಿಗೆ 25 ಲಕ್ಷ ಹೇಗೆ ಕೊಡೋದು?

‘ರಿಟನ್ ಆಫ್’ ಅಂತ ಇದ್ದರೆ ಇನ್ನೂ ಕಷ್ಟ. ಸಾಲ ಮನ್ನಾ ಆಯ್ತು ಅಂತ ಕೆಲವರು ಖುಷಿಪಡ್ತಾರೆ, ಅದು ಬ್ಯಾಂಕಿನ ಪುಸ್ತಕದ ಲೆಕ್ಕ ಅಷ್ಟೇ. ನಿಮ್ಮ ಬಾಕಿ ಹಾಗೇ ಇರುತ್ತೆ.

ಈಗಾಗಲೇ ಸೆಟಲ್ ಮಾಡಿಕೊಂಡಿದ್ದರೆ ದಾರಿ ಪೂರ್ತಿ ಮುಚ್ಚಿಲ್ಲ. ಅದೇ ಬ್ಯಾಂಕಿಗೆ ಹೋಗಿ, ಬಿಟ್ಟ ಮೊತ್ತ ಕಟ್ತೀನಿ, ದಾಖಲೆಯಲ್ಲಿ ‘ಕ್ಲೋಸ್ಡ್’ ಮಾಡಿಸಿ ಅಂತ ಬರೆದುಕೊಡಿ. ಒಪ್ಪಿದ್ದನ್ನ ಪತ್ರದಲ್ಲಿ ತಗೊಂಡ ಮೇಲೆಯೇ ದುಡ್ಡು ಕಟ್ಟಿ, ಆಮೇಲೆ ಬೇಬಾಕಿ ಪತ್ರ ಪಡೆಯಿರಿ. ಬ್ಯಾಂಕುಗಳು ಕನಿಷ್ಠ 15 ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕು ಅನ್ನೋ ನಿಯಮ 2025ರ ಜನವರಿಯಲ್ಲಿ ಜಾರಿಗೆ ಬಂತು, ಹಾಗಾಗಿ ಬದಲಾವಣೆ ಮೊದಲಿಗಿಂತ ಬೇಗ ಕಾಣುತ್ತೆ. ಆದರೆ ಕಂತು ತಪ್ಪಿಸಿದ ಹಳೇ ತಿಂಗಳುಗಳ ಗುರುತು ತಕ್ಷಣ ಹೋಗಲ್ಲ. ಅದರ ಮೇಲೆ ಹೊಸ ಒಳ್ಳೇ ತಿಂಗಳುಗಳು ಬಂದು ಕೂರಬೇಕು.

ಹೆಂಡತಿ ಸಂಘದ ಸಾಲ, ಗೆಳೆಯನ ಜಾಮೀನು

ಜಂಟಿ ಅರ್ಜಿದಾರರಾಗಿ ಮನೆಯಾಕೆಯ ಹೆಸರು ಸೇರಿಸಿದರೆ ಬ್ಯಾಂಕ್ ಅವರ ರಿಪೋರ್ಟನ್ನೂ ನೋಡುತ್ತೆ. ಮೈಕ್ರೋ ಫೈನಾನ್ಸ್ ಗುಂಪಿನ ಸಾಲ ಗುಂಪಿನದು ಅಂತ ಅನ್ನಿಸಿದರೂ ದಾಖಲಾಗೋದು ಒಬ್ಬೊಬ್ಬರ ಹೆಸರಲ್ಲಿ. ಜಾಮೀನೂ ಹಾಗೇ. ಚನ್ನಗಿರಿಯ ಗೆಳೆಯನ ಟ್ರ್ಯಾಕ್ಟರ್ ಸಾಲಕ್ಕೆ ಸಹಿ ಹಾಕಿ ಮರೆತಿರ್ತೀರಿ, ಅವನು ಕಂತು ನಿಲ್ಲಿಸಿದರೆ ಏಟು ನಿಮ್ಮ ಸ್ಕೋರಿಗೂ ಬೀಳುತ್ತೆ.

ಇನ್ನು ಸ್ಕೋರ್ ಏರಿಸೋದು ಅಂದರೆ ಮಂತ್ರವೇನಿಲ್ಲ. ಮೊದಲು ತಡವಾದ ಕಂತುಗಳನ್ನ ಕಟ್ಟಿ ಮುಗಿಸಿ, ಮುಂದಿನವು ಖಾತೆಯಿಂದ ತಾನೇ ಕಟ್ ಆಗೋ ಹಾಗೆ ಮಾಡಿ. ಕಾರ್ಡ್ ಮಿತಿ ಒಂದು ಲಕ್ಷ ಇದ್ದರೆ 30 ಸಾವಿರದೊಳಗೆ ಬಳಸಿ. ಅಡಿಕೆ ಮಾರಿದ ಮೇಲೆ ಎಲ್ಲಾ ಒಟ್ಟಿಗೆ ಕಟ್ಟೋಣ ಅನ್ನೋ ನಮ್ಮ ಅಭ್ಯಾಸ ಇಲ್ಲಿ ನಡೆಯಲ್ಲ, ತಿಂಗಳ ಕಂತು ತಿಂಗಳಿಗೇ ಹೋಗಬೇಕು. ಮನೆ ಕಟ್ಟೋ ಯೋಚನೆ ಇದ್ದವರು ಒಂದು ವರ್ಷ ಮುಂಚೆಯೇ ಶುರು ಮಾಡಿದರೆ ಒಳ್ಳೇದು.

ಇದುವರೆಗೆ ಸಾಲವನ್ನೇ ಮಾಡದವರಿಗೆ ಸ್ಕೋರ್ ಇರಲ್ಲ. ಸಾಲದ ಇತಿಹಾಸ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಮೊದಲ ಸಲದವರ ಅರ್ಜಿ ತಿರಸ್ಕರಿಸಬಾರದು ಅಂತ ಆರ್‌ಬಿಐ ಬ್ಯಾಂಕುಗಳಿಗೆ ಹೇಳಿದೆ. ಬೇಕಿದ್ದರೆ ಠೇವಣಿ ಇಟ್ಟು ಅದರ ಮೇಲೆ ಸಣ್ಣ ಕಾರ್ಡ್ ತಗೊಂಡು ಇತಿಹಾಸ ಶುರು ಮಾಡಬಹುದು.

ಇದರ ಜೊತೆ ಸೈಟಿನ ಕಾಗದವನ್ನೂ ನೋಡಿಕೊಳ್ಳಿ. ಸ್ಕೋರ್ 800 ಇದ್ದರೂ ಪಂಚಾಯಿತಿಯ 11-ಬಿ ಸೈಟಿಗೆ ಸಾಲ ಕೊಡೋಕೆ ಬಹಳಷ್ಟು ಬ್ಯಾಂಕುಗಳು ಹಿಂದೇಟು ಹಾಕ್ತವೆ.

‘ಐದು ಸಾವಿರ ಕೊಡಿ, ಹದಿನೈದು ದಿನದಲ್ಲಿ ಸಿಬಿಲ್ ಕ್ಲೀನ್’ ಅನ್ನೋ ವಾಟ್ಸ್‌ಆ್ಯಪ್ ಜಾಹೀರಾತು ನಂಬಬೇಡಿ. ನಿಜವಾದ ದಾಖಲೆಯನ್ನ ಯಾವ ಏಜೆಂಟೂ ಅಳಿಸೋಕೆ ಆಗಲ್ಲ, ತಪ್ಪು ದಾಖಲೆಯನ್ನ ನೀವೇ ಪುಕ್ಕಟೆ ಸರಿ ಮಾಡಿಸಬಹುದು. ಪ್ಯಾನ್, ಒಟಿಪಿ ಅವರ ಕೈಗೆ ಕೊಟ್ಟರೆ ಇನ್ನೊಂದು ಸಾಲ ನಿಮ್ಮ ಹೆಸರಲ್ಲಿ ಹುಟ್ಟಬಹುದು. ದೂರು ಕೊಟ್ಟು 30 ದಿನವಾದರೂ ಬ್ಯಾಂಕ್ ಅಥವಾ ಕ್ರೆಡಿಟ್ ಕಂಪನಿ ಉತ್ತರ ಕೊಡದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಬಹುದು. ಅದಕ್ಕೂ ಶುಲ್ಕವಿಲ್ಲ. ಮಾಹಿತಿಗೆ ಟೋಲ್ ಫ್ರೀ ಸಂಖ್ಯೆ: 14448.