ಹಳೆಯ ಪತ್ರಗಳಲ್ಲಿ ನಮ್ಮ ಮನೆತನಗಳ ಇತಿಹಾಸ

ಶಿಗ್ಗಾಂವಿ ತಾಲೂಕಿನ ಬಂಕಾಪುರವು ಜೈನ ಇತಿಹಾಸದಲ್ಲಿ ಚಿರಸ್ಮರಣೀಯ ಸ್ಥಳವಾಗಿದೆ. ಶಕವರ್ಷ 820ರ, ಅಂದರೆ ಕ್ರಿ.ಶ. 898ರ ಸುಮಾರಿನ ಉತ್ತರಪುರಾಣದ ಪ್ರಶಸ್ತಿಯಲ್ಲಿ ಇಲ್ಲಿಯ ಅಧಿಪತಿ ಲೋಕಾದಿತ್ಯನ ಹೆಸರಿದೆ. ಗಂಗ ದೊರೆ ಮಾರಸಿಂಹನು ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದ್ದೂ ಇಲ್ಲಿಯೇ. ಹೀಗೆ ಅರಸರ, ಆಚಾರ್ಯರ ಹೆಸರುಗಳು ಕಲ್ಲಿನಲ್ಲಿಯೂ ಓಲೆಗರಿಯಲ್ಲಿಯೂ ಉಳಿದವು. ಆದರೆ ತಲೆತಲಾಂತರದಿಂದ ಬಸದಿಗೆ ಎಣ್ಣೆ ಅಕ್ಕಿಗಳನ್ನು ಸಲ್ಲಿಸುತ್ತ ಬಂದ ಸಾಮಾನ್ಯ ಶ್ರಾವಕರ ಹೆಸರುಗಳನ್ನು ಎಲ್ಲಿ ಅರಸಬೇಕು? ಅವು ದೊರೆಯುವುದಾದರೆ ಹಳೆಯ ಕಾಗದಪತ್ರಗಳಲ್ಲಿಯೇ ದೊರೆಯಬೇಕು.

ಇದಕ್ಕೆ ಕರ್ನಲ್ ಕಾಲಿನ್ ಮೆಕೆಂಜಿಯ ಸಂಗ್ರಹವು ಉತ್ತಮ ನಿದರ್ಶನವಾಗಿದೆ. ಸ್ಕಾಟ್ಲೆಂಡಿನ ಈ ಅಧಿಕಾರಿಯು 1783ರಲ್ಲಿ ಭಾರತಕ್ಕೆ ಬಂದು, 1799ರ ಶ್ರೀರಂಗಪಟ್ಟಣದ ಯುದ್ಧದ ತರುವಾಯ ಮೈಸೂರು ಸೀಮೆಯ ಮೋಜಣಿಯನ್ನು ನಡೆಸಿದನು. ನೆಲವನ್ನು ಅಳೆಯುತ್ತಲೇ ಶಾಸನ, ಓಲೆಗರಿ, ಕೈಫಿಯತ್ತುಗಳನ್ನು ಕೂಡಿಸಿದನು. 1817ರ ಫೆಬ್ರವರಿ 1ರಂದು ಸರ್ ಅಲೆಕ್ಸಾಂಡರ್ ಜಾನ್‌ಸ್ಟನ್‌ನಿಗೆ ಬರೆದ ಪತ್ರದಲ್ಲಿ ತನ್ನ ಶೋಧಗಳನ್ನು ಎಣಿಸುವಾಗ, ಜೈನಧರ್ಮವು ಬೌದ್ಧಧರ್ಮದಿಂದ ಬೇರೆಯೆಂಬ ಸಂಗತಿಯನ್ನು ಮೊದಲಿಗೆ ಹೇಳಿದ್ದಾನೆ. ನಮ್ಮವರಿಗೆ ಸಹಜವಾಗಿ ತಿಳಿದಿದ್ದ ಈ ಮಾತು ಯುರೋಪಿನ ಪಂಡಿತರಿಗೆ ಹೊಸದಾಗಿತ್ತು.

ಅದನ್ನು ಅವನಿಗೆ ತಿಳಿಸಿಕೊಟ್ಟವರು ಈ ನಾಡಿನ ಜೈನರು. ಹಳಗನ್ನಡ ಶಾಸನಗಳನ್ನು ಓದಬಲ್ಲ ಧರ್ಮಯ್ಯನೆಂಬ ಜೈನ ಪಂಡಿತನು ಅವನ ಬಳಿಯಲ್ಲಿದ್ದನು. ಥಾಮಸ್ ಹಿಕಿಯು 1816ರಲ್ಲಿ ರಚಿಸಿದ ಮೆಕೆಂಜಿಯ ಚಿತ್ರದಲ್ಲಿ ಓಲೆಗರಿ ಹಿಡಿದು ನಿಂತವನು ಈತನೇ ಎನ್ನಲಾಗಿದೆ, ಹಿನ್ನೆಲೆಯಲ್ಲಿ ಗೊಮ್ಮಟಮೂರ್ತಿಯಿದೆ. ಧರ್ಮಯ್ಯನು ಅರಸನಲ್ಲ, ದಂಡನಾಯಕನಲ್ಲ. ಕಾಗದದಲ್ಲಿ ಹೆಸರು ಬರೆದಿಟ್ಟುದರಿಂದಲೇ ಎರಡು ಶತಮಾನಗಳ ನಂತರವೂ ಆತನು ನಮಗೆ ಪರಿಚಿತನಾಗಿದ್ದಾನೆ.

ಮೆಕೆಂಜಿಯ ಸಹಾಯಕರು ಊರೂರು ಸಂಚರಿಸಿ ತಾವು ಕಂಡವರ, ಕೇಳಿದುದರ ವರದಿಗಳನ್ನು ಕಳಿಸುತ್ತಿದ್ದರು. ಈ ಸಂಗ್ರಹವು ಇಂದು ಲಂಡನ್ನಿನಲ್ಲಿಯೂ ಚೆನ್ನೈಯಲ್ಲಿಯೂ ಹಂಚಿಹೋಗಿದೆ. ಡಾ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ಗ್ರಂಥವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1994ರಲ್ಲಿ ಪ್ರಕಟಿಸಿದೆ. ನಮ್ಮ ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ಟನೂ 595 ಶಾಸನಗಳ ಪ್ರತಿಗಳನ್ನು ಕೂಡಿಸಿದ್ದನು.

ಇಂಥ ಬರಹಗಳನ್ನು ಎಚ್ಚರಿಕೆಯಿಂದ ನೋಡಬೇಕು. ಆಂಗ್ಲರ ಬರವಣಿಗೆಯಲ್ಲಿ ಧರ್ಮಯ್ಯನು ‘ಧುರ್ಮಿಯಾ’ ಆಗಿದ್ದಾನೆ. ಊರುಗಳ ಹೆಸರುಗಳೂ ರೂಪಗೆಟ್ಟಿವೆ. ಒಂದೇ ಹೆಸರಿನ ಇಬ್ಬರನ್ನು ಒಬ್ಬನೆಂದು ಭಾವಿಸಲಾಗದು. ಊರು, ಕಾಲ, ವೃತ್ತಿ ಮೂರೂ ಹೊಂದಿದರೆ ಮಾತ್ರ ಆ ವ್ಯಕ್ತಿಯನ್ನು ವಂಶವೃಕ್ಷದಲ್ಲಿ ಸೇರಿಸುವುದು ಯುಕ್ತ.

ದೂರದ ಸಂಗ್ರಹಗಳಿಗಿಂತ ಮೊದಲು ನೋಡಬೇಕಾದುದು ಮನೆಯ ಅಟ್ಟ. ಅಂಗಡಿಯ ಕಿರ್ದಿ ಖಾತೆಗಳು, ಬೀಗರ ಪತ್ರಗಳು, ತೀರ್ಥಯಾತ್ರೆಯ ಖರ್ಚಿನ ಚೀಟಿಗಳು, ಪಂಚಕಲ್ಯಾಣದ ಆಮಂತ್ರಣಗಳು ಇವೆಲ್ಲ ಇತಿಹಾಸವೇ. ಈ ಭಾಗದ ಹಳೆಯ ಲೆಕ್ಕಪತ್ರಗಳಲ್ಲಿ ಎಷ್ಟೋ ಮೋಡಿ ಲಿಪಿಯಲ್ಲಿವೆ. ಓದಲು ಬಾರದೆಂದು ಅವುಗಳನ್ನು ರದ್ದಿಗೆ ಹಾಕಿದರೆ, ಅಜ್ಜ ಮುತ್ತಜ್ಜಂದಿರ ಹೆಸರುಗಳನ್ನು ನಾವೇ ಅಳಿಸಿದಂತಾಗುವುದು.

ಜಿನಬಿಂಬದ ಪ್ರತಿಷ್ಠೆಯಾಗುವ ಈ ಶುಭ ಸಂದರ್ಭದಲ್ಲಿ ಪ್ರತಿಯೊಂದು ಮನೆತನವೂ ತನ್ನ ಹಿರಿಯರ ಹೆಸರು, ಮೂಲಸ್ಥಳ, ಗೋತ್ರಗಳನ್ನು ಒಂದು ಹಾಳೆಯಲ್ಲಿ ಬರೆದು, ಒಂದು ಪ್ರತಿಯನ್ನು ಬಸದಿಯಲ್ಲಿಯೂ ಇರಿಸಲಿ. ಶಾಸ್ತ್ರಭಂಡಾರಗಳನ್ನು ಕಾಪಾಡಿದ ಸಮಾಜಕ್ಕೆ ಇದು ಕಷ್ಟದ ಕಾರ್ಯವಲ್ಲ.